ಗಣಿಕೆ ಮಡಿಯಲ್ಲಿ ಎದ್ದ ಪೈರು

ನಮ್ಮಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಊರ್ಡಿಗೆರೆ ಕಡೆಯಿಂದ ಬೆಣ್ಣೆ ತರುತ್ತಿದ್ದ ಹೆಂಗಸು ಬಂದು ಬಾಗಿಲಲ್ಲಿ ಕೂತರೆ ಸಾಕು, ಅಮ್ಮ ತೊಳೆದ ತೆಂಗಿನಕಡ್ಡಿ ಹಿಡಿದು ಬರುತ್ತಿದ್ದಳು. ಬೆಣ್ಣೆಮುದ್ದೆಯ ನಡುವಿಗೆ ಚುಚ್ಚಿ, ಒಳಗೆ ಬೇಯಿಸಿದ ಆಲೂಗಡ್ಡೆ ಸಿಗುತ್ತದೋ ಎಂದು ನೋಡುವುದು. ಸಿಗದಿದ್ದರೆ ಸಮಾಧಾನ ಆಗಬೇಕಲ್ಲ, ಆಗುತ್ತಿರಲಿಲ್ಲ. "ಇವತ್ತು ಹಾಕಿಲ್ಲ, ನಾಳೆ ಹಾಕ್ತಾಳೆ ನೋಡ್ತಿರು" ಎಂದು ನನ್ನ ಕಿವಿಯಲ್ಲಿ ಹೇಳುವಳು. ಮದುವೆಯಲ್ಲಿ ನನಗೆ ತವರಿನವರು ಏನೇನು ಕೊಟ್ಟರು ಎಂದು ಯಾರಾದರೂ ಕೇಳಿದರೆ, ಪಾತ್ರೆಪಡಗ ಬಿಟ್ಟರೆ ಈ ಸಂಶಯದ ಬುದ್ಧಿಯೊಂದನ್ನು ಧಾರಾಳವಾಗಿ ಕೊಟ್ಟರು ಎಂದು ನಾನು ಹೇಳಿಯೇನು.

ನಾವಿದ್ದದ್ದು ತುಮಕೂರಿನಲ್ಲಿ, ಬಾಡಿಗೆ ಮನೆ. ಹಿಂದೆ ಉದ್ದಕ್ಕೆ ಒಂದು ಹಿತ್ತಲು. ಬಚ್ಚಲ ನೀರು ಹರಿಯುವ ಕಡೆ ಅಮ್ಮ ಬದನೆ, ದಂಟು, ಮೂಲೆಯಲ್ಲಿ ನಾಲ್ಕು ಬುಡ ಸೇವಂತಿಗೆ ಹಾಕಿದ್ದಳು. ಮಳೆ ಬಿದ್ದು ಒಂದು ವಾರಕ್ಕೆ ನೆಲದ ತುಂಬ ಮೊಳಕೆ ಏಳುತ್ತಿತ್ತಲ್ಲ, ಆಗ ಬೆಳಿಗ್ಗೆ ಕಾಫಿ ಕುಡಿದವಳೇ ಅಲ್ಲಿ ಕುಕ್ಕರಗಾಲಲ್ಲಿ ಕೂತು ವಿಚಾರಣೆ ಶುರು ಮಾಡುವಳು. ಪಕ್ಕದಲ್ಲಿ ನಾನು ಇರಲೇಬೇಕು. ಬೇರೆ ಮನೆಯ ಹುಡುಗಿಯರು ಆ ಹೊತ್ತಿನಲ್ಲಿ ರೇಡಿಯೋ ಕೇಳುತ್ತಿದ್ದರು.

"ಇದ್ಯಾರು ಹೇಳು?"

"ಸೇವಂತಿಗೆ ಮರಿ."

"ಸೇವಂತಿಗೆ ಅಂತೆ! ಕಣ್ಣು ಎಲ್ಲಿಟ್ಟಿದೀಯ? ಸೇವಂತಿಗೆ ಹೀಗೆ ನೆಲಕ್ಕೆ ಅವುಚ್ಕೊಂಡು ಮಲಗುತ್ತೇನೇ? ಎಲೆ ಹಿಸುಕಿ ಮೂಸಿ ನೋಡು. ಸೇವಂತಿಗೆ ವಾಸನೆ ಇದೆಯಾ? ಕಾಂಗ್ರೆಸ್ ಗಿಡ ಕಣೇ ಇದು. ಇನ್ನೆರಡು ವಾರ ಬಿಟ್ರೆ ಹಿತ್ತಲೆಲ್ಲಾ ತನ್ನದೇ ಅನ್ನತ್ತೆ."

ಹುಲ್ಲಿನ ಹಾಗೆ ಕಂಡದ್ದನ್ನೆಲ್ಲ ಹುಲ್ಲು ಎಂದು ಬಿಡುವಂತಿರಲಿಲ್ಲ. ಕಾಂಡವನ್ನು ಬೆರಳ ನಡುವೆ ಹೊರಳಿಸಬೇಕು, ಮೂರು ಏಣು ತಗುಲಿದರೆ ಅದು ಕೊನ್ನಾರಿ, ಕೆಳಗೆ ಗಡ್ಡೆ ಇರುತ್ತದೆ, ಮೇಲೆ ಕಿತ್ತರೆ ಪ್ರಯೋಜನವಿಲ್ಲ. ದಂಟಿನ ಸಾಲಿನಲ್ಲಿ ಮುಳ್ಳುದಂಟು ಕೂತಿರುತ್ತದೆ, ಮುಳ್ಳು ಬರುವವರೆಗೆ ಕಾದರೆ ಬೇರು ಇಳಿದಿರುತ್ತದೆ. ಅಮ್ಮನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬೀಜ ಒಡೆದಾಗ ಮೊದಲು ಬರುವ ಎರಡು ಎಲೆ. "ಆಮೇಲೆ ಬರೋ ಎಲೆಗಳು ಅಕ್ಕಪಕ್ಕದವರ ಥರಾನೇ ಕಾಣ್ತವೆ. ನೀನು ಆ ಕೆಳಗಿನ ಎರಡು ನೋಡು. ಉದುರಿ ಹೋಗೋ ಮುಂಚೆ ನೋಡು" ಎನ್ನುವಳು.

ಒಮ್ಮೆ ಬದನೆ ಅಗೆಯ ನಡುವೆ ಒಂದು ಪೈರು ಸಿಕ್ಕಿತು. ನನ್ನ ಕಣ್ಣಿಗೆ ಅದೂ ಬದನೆಯೇ. ಅಮ್ಮ ಬಾಗಿ ನೋಡಿದವಳು ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. ಮೊದಲೆರಡು ಎಲೆ ಉದ್ದಕ್ಕೆ, ಕಿರಿದಾಗಿ, ತುದಿ ಚೂಪಾಗಿ, ಎರಡು ಕಡೆಗೂ ಚಾಚಿಕೊಂಡಿದ್ದವು. ಕಾಂಡ ನೇರಳೆ. ಹಿಸುಕಿದರೆ ಹೊಟ್ಟೆ ತೊಳಸುವಂಥ ನಾತ. "ಉಮ್ಮತ್ತಿ" ಎಂದಳು. "ಗೊಬ್ಬರದ ಜೊತೆ ಬಂದಿದೆ. ದೊಡ್ಡದಾದ ಮೇಲೆ ಕುರುಡನೂ ಗುರುತು ಹಿಡೀತಾನೆ, ಬಿಳೀ ಹೂವು, ಮುಳ್ಳುಕಾಯಿ. ಚಿಕ್ಕದಿದ್ದಾಗ ಹಿಡೀಬೇಕು. ಹೋಗು, ಸೋಪು ಹಾಕಿ ಕೈ ತೊಳ್ಕೋ." ಆ ನಾತ ಮಾತ್ರ ಮಧ್ಯಾಹ್ನದವರೆಗೂ ಉಗುರಿನಲ್ಲಿ ಉಳಿದಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನನ್ನು ಗುಬ್ಬಿಯಿಂದ ಒಳಕ್ಕೆ ಹೋಗುವ ಒಂದು ಊರಿಗೆ ಕೊಟ್ಟರು. ನಮ್ಮ ಯಜಮಾನರಿಗೆ ಕುಣಿಗಲ್ಲಿನಲ್ಲಿ ಕೆಲಸ. ಅಲ್ಲಿ ಮನೆ ಸಿಗುವವರೆಗೆ ನಾನು ಊರಲ್ಲಿ ಅತ್ತೆ, ಮಾವ, ನಾದಿನಿಯ ಜೊತೆ ಇರುವುದು, ಅವರು ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವುದು ಎಂದು ಮಾತಾಗಿತ್ತು. ಮಾವ ಶಿವಭಕ್ತರು. ಬೆಳಿಗ್ಗೆ ಪೂಜೆ ಮುಗಿಯದೆ ಹನಿ ನೀರು ಬಾಯಿಗೆ ಬಿಡುತ್ತಿರಲಿಲ್ಲ. ಪೂಜೆಯ ಹೂವು, ಪತ್ರೆ ಯಾರ ಕಾಲಿಗೂ ಸಿಗಬಾರದೆಂದು ಹಿತ್ತಲ ಬೇಲಿ ಮೂಲೆಯಲ್ಲಿ, ಯಾರೂ ತುಳಿಯದ ಕಡೆ ತಾವೇ ಹಾಕಿ ಬರುವರು. ಮಾತು ಕಡಿಮೆ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ.

ಆ ಬೇಲಿ ಮೂಲೆಗೆ ಹೊಂದಿಕೊಂಡೇ ಅತ್ತೆಯ ಸೊಪ್ಪಿನ ಮಡಿ. ಮಡಿ ಎಂದರೆ ಬಿತ್ತಿದ್ದಲ್ಲ. ಮುಂಗಾರು ಹನಿಗೆ ಗಣಿಕೆ ಸೊಪ್ಪು ತಾನಾಗೇ ಏಳುತ್ತಿತ್ತು, ಜೊತೆಗೆ ಅಣ್ಣೆ, ಕೀರೆ. ನಾವು ತುಮಕೂರಿನಲ್ಲಿ ಕಳೆ ಎಂದು ಕಿತ್ತು ಬಿಸಾಡುತ್ತಿದ್ದದ್ದನ್ನು ಇವರು ಎಳೆಯದಾಗಿದ್ದಾಗಲೇ ಕಿತ್ತು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರು. ರುಚಿ ಎಂದರೆ ರುಚಿ, ಇಲ್ಲವೆನ್ನುವುದಿಲ್ಲ. ಆದರೆ ಬೆರಳುದ್ದದ ಪೈರನ್ನು ಹಿಡಿ ಹಿಡಿಯಾಗಿ ಕೀಳುವ ಅತ್ತೆಯ ಕೈ ನೋಡಿದರೆ ನನಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಸಂಜೆ ಮಬ್ಬಿನಲ್ಲಿ, ಅಮ್ಮನಿಗೆ ತೋರಿಸಿದರೆ ಕೂಗಾಡಿಬಿಡುವ ಹಾಗೆ, ಸರಬರ ಕಿತ್ತು ಮಡಿಲಿಗೆ ಹಾಕಿಕೊಳ್ಳುವರು. ಒಂದು ದಿನ ತಡೆಯಲಾರದೆ, "ಅತ್ತೆ, ಒಂದೊಂದಾಗಿ ನೋಡಿ ಕೀಳಬಾರ್ದಾ?" ಎಂದೆ.

"ನಮ್ಮ ಮಡೀಲಿ ಬೆಳೆದಿದ್ದನ್ನ ಏನವ್ವಾ ನೋಡೋದು? ನಲವತ್ತು ವರ್ಷದಿಂದ ಕೀಳ್ತಾ ಇವ್ನಿ" ಎಂದು ನಕ್ಕರು.

ಆದರೆ ನಾನು ಆಯದ ಸೊಪ್ಪು ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ಏನು ಮಾಡಲಿ? ಹೊಸ ಸೊಸೆ ಅತ್ತೆಯ ಎದುರು ನಿಂತು ನಿಮ್ಮ ಸೊಪ್ಪಿನ ಮೇಲೆ ನನಗೆ ನಂಬಿಕೆ ಇಲ್ಲ ಎನ್ನಲು ಸಾಧ್ಯವೇ?

ಆ ದಿನ ಮಾವ ಬೆಳಿಗ್ಗೆಯೇ ಬೆಳ್ಳಾವಿಗೆ, ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದರು. ಅತ್ತೆ ಹಿಂದಿನ ಸಂಜೆ ಕಿತ್ತಿಟ್ಟ ಸೊಪ್ಪನ್ನು ತಾವೇ ತೊಳೆದು ಹೆಚ್ಚಿದ್ದರು. ಹೆಚ್ಚಿದ ಮೇಲೆ ಯಾವ ಸೊಪ್ಪು ಯಾವುದೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ನಾನು ಕಾರ ರುಬ್ಬಿದೆ, ಒಲೆ ಉರಿ ನೋಡಿದೆ. ಅತ್ತೆ ಮತ್ತು ನಾದಿನಿ ನೀರು ಸೇದಲು ಹೋದಾಗ ಅಡಿಗೆಮನೆಯಲ್ಲಿ ನಾನೊಬ್ಬಳೇ ಇದ್ದೆ. ಮಧ್ಯಾಹ್ನ ಮುದ್ದೆ ತಟ್ಟೆಗೆ ಬಂದಾಗ, "ನಂದು ಇವತ್ತು ಒಪ್ಪತ್ತು ಅತ್ತೆ, ಹರಕೆ" ಎಂದೆ. ಆಮೇಲೆ ಹಸಿವು ತಾಳದೆ ಕೊಟ್ಟಿಗೆ ಹಿಂದೆ ನಿಂತು ಒಂದು ಬಟ್ಟಲು ಮೊಸರನ್ನ ತಿಂದೆ. ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ ನೋಡಿತು. ನೋಡಿ, ನನ್ನನ್ನು ನೋಡಲೇ ಇಲ್ಲ ಎನ್ನುವ ಹಾಗೆ ಕೋಳಿ ಅಟ್ಟಿಕೊಂಡು ಹೋಯಿತು.

ಊಟವಾಗಿ ಸ್ವಲ್ಪ ಹೊತ್ತಿಗೆ ಅತ್ತೆ ನೀರು ಕೇಳಿದರು. ಒಂದು ಚೊಂಬು ಕುಡಿದರು, ಮತ್ತೆ ಕೇಳಿದರು. ನಾಲಗೆ ಒಣಗಿ ಮಾತು ತೊದಲುತ್ತಿತ್ತು, ಮುಖ ಕೆಂಪಗೆ ಕಾಯ್ದಿತ್ತು. ಆಮೇಲೆ ನಡುಮನೆಯ ಸಿಮೆಂಟು ನೆಲದ ಮೇಲೆ ಕೂತು ಏನನ್ನೋ ಕೀಳತೊಡಗಿದರು. ಬರೀ ನೆಲ. ಅದರಿಂದ ಪೈರು ಕಿತ್ತ ಹಾಗೆ ಬೆರಳಲ್ಲಿ ಹಿಡಿದು, ಮಣ್ಣು ಕೊಡವಿ, ಮಡಿಲಿಗೆ ಹಾಕಿಕೊಳ್ಳುವುದು. "ಬೇಗ ಬೇಗ ಕೀಳವ್ವಾ, ಕತ್ಲಾಯ್ತದೆ" ಎಂದು ಯಾವತ್ತೋ ತೀರಿಹೋದ ತಮ್ಮ ತಾಯಿಯ ಜೊತೆ ಮಾತಾಡುತ್ತಿದ್ದರು. ನಾದಿನಿ ಸ್ವಲ್ಪವೇ ತಿಂದಿದ್ದಳು, ಗೋಡೆಗೆ ಒರಗಿ ಸುಮ್ಮಸುಮ್ಮನೆ ನಗುತ್ತಾ ವಾಂತಿ ಮಾಡಿಕೊಂಡಳು. ನಾನು ಬೀದಿಗೆ ಓಡಿ ಬಾಯಿ ಬಡಿದುಕೊಂಡೆ. ಯಾರೋ ಗಾಡಿ ಕಟ್ಟಿದರು. ಗುಬ್ಬಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅತ್ತೆ ಗಾಡಿಯ ಹುಲ್ಲಿನಲ್ಲಿ ಗಣಿಕೆ ಕೀಳುತ್ತಲೇ ಇದ್ದರು.

ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಕಪ್ಪುಗುಡ್ಡೆ ಕಣ್ಣಿನ ತುಂಬ ಹರಡಿತ್ತು. ಹೊಟ್ಟೆ ತೊಳೆಸಿದರು. "ಉಮ್ಮತ್ತಿ ಲಕ್ಷಣ ಇದು. ಊಟದಲ್ಲಿ ಬಂದಿರಬೇಕು. ಮನೇಲಿ ಯಾರ್ಯಾರು ತಿಂದ್ರಿ?" ಎಂದು ಕೇಳಿದರು.

"ಇವರಿಬ್ರು" ಎಂದೆ.

"ನೀವು?"

"ನಾನು ತಿನ್ಲಿಲ್ಲ."

ಬೆಳ್ಳಾವಿಯಿಂದ ನೇರ ಆಸ್ಪತ್ರೆಗೆ ಬಂದ ಮಾವ ಬಾಗಿಲಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಂಡಿದ್ದರು.

ದೇವರ ದಯೆ, ಅತ್ತೆ ಉಳಿದರು. ಎರಡು ದಿನಕ್ಕೆ ಮನೆಗೆ ಕರೆತಂದೆವು. ಆದರೆ ಆ ಮನೆ ನಾನು ಬಿಟ್ಟು ಹೋದ ಮನೆಯಾಗಿರಲಿಲ್ಲ. ನಾನು ತುಂಬಿಟ್ಟ ನೀರನ್ನು ಯಾರೂ ಮುಟ್ಟಲಿಲ್ಲ. ಅಡಿಗೆಮನೆ ನಾದಿನಿಯ ಪಾಲಾಯಿತು, ಇನ್ನೂ ತಲೆ ಸುತ್ತು ಬಿಡದಿದ್ದರೂ ಅವಳೇ ಒಲೆಯ ಮುಂದೆ ಕೂತಳು. ಪಕ್ಕದ ಮನೆ ಅಜ್ಜಿ ಮೊಸರನ್ನದ ಸಮಾಚಾರವನ್ನು ಅಷ್ಟರಲ್ಲಿ ಬಾವಿಕಟ್ಟೆಗೆ ಮುಟ್ಟಿಸಿತ್ತು. "ಒಪ್ಪತ್ತು ಅಂದೋಳು ಕೊಟ್ಟಿಗೆ ಹಿಂದೆ ಗಬಗಬ ತಿಂತಿದ್ಲು ಕಣ್ರವ್ವ! ಗೊತ್ತಿಲ್ದೆ ಇದ್ರೆ ಸಾರು ಯಾಕೆ ಬುಡ್ತಿದ್ಲು?"

ಮಾವ ನನ್ನನ್ನು ಕರೆದು ಕೂರಿಸಿ ಕೇಳಲಿಲ್ಲ. ಜಗಲಿಯಲ್ಲಿ ಕೂತು ಗೋಡೆಗೆ ಹೇಳಿದ ಹಾಗೆ ಹೇಳಿದರು. "ನಮ್ಮ ಹಿತ್ತಲಲ್ಲಿ ಉಮ್ಮತ್ತಿ ಗಿಡ ಎಲ್ಲೈತೆ? ಒಂದೂ ಇಲ್ಲ. ಕೆರೆ ದಾರೀಲಿ ಐತೆ. ಮೊನ್ನೆ ಕೆರೆಗೆ ಬಟ್ಟೆ ಒಗೆಯಕ್ಕೆ ಹೋಗಿದ್ದು ಯಾರು? ಶನಿವಾರ ಮಗ ಬರ್ಲಿ. ಕರ್ಕೊಂಡೋಗಿ ತವರಲ್ಲಿ ಬುಟ್ಟು ಬರ್ಲಿ. ಆಮೇಲಿನ ಮಾತು ಆಮೇಲೆ."

ಆಮೇಲಿನ ಮಾತು ಏನೆಂದು ನನಗೆ ಗೊತ್ತಿತ್ತು. ವಿಷ ಇಟ್ಟವಳು ಎಂದು ತವರಿಗೆ ಬಿಟ್ಟ ಹೆಣ್ಣನ್ನು ಮತ್ತೆ ಕರೆಯಲು ಯಾರು ಬರುತ್ತಾರೆ? ಅಳು ಬಂದದ್ದಕ್ಕಿಂತ ಸಿಟ್ಟೇ ಹೆಚ್ಚು ಬಂತು.

ನಾನೂ ಸುಮ್ಮನಿದ್ದೆನೇ? ನನ್ನ ತಲೆ ಎಲ್ಲರ ಮೇಲೂ ಹರಿದಾಡಿತು. ನಾದಿನಿ ಸ್ವಲ್ಪವೇ ತಿಂದದ್ದು ಯಾಕೆ? ಪಕ್ಕದ ಮನೆ ಅಜ್ಜಿಗೆ ಬೇಲಿ ವಿಷಯದಲ್ಲಿ ಅತ್ತೆಯ ಮೇಲೆ ಹಳೇ ಕೋಪ, ನಾವ್ಯಾರೂ ಒಳಗಿಲ್ಲದಾಗ ಬಂದು ಪಾತ್ರೆಗೆ ಏನಾದರೂ ಹಾಕಿತೋ? ನಾಚಿಕೆಗೆಟ್ಟ ಮನಸ್ಸು, ಹಾಸಿಗೆಯಲ್ಲಿ ಮಲಗಿದ್ದ ಅತ್ತೆಯನ್ನೂ ಬಿಡಲಿಲ್ಲ. ನನ್ನನ್ನು ಕಳಿಸಲು ಬೇಕೆಂದೇ ತಾವೇ ತಿಂದಿದ್ದರೆ? ಮಾವನೊಬ್ಬರ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ. ಅವರು ಬೆಳ್ಳಾವಿಗೆ ಹೋಗಿದ್ದರಲ್ಲ.

ಶುಕ್ರವಾರ ಬೆಳಿಗ್ಗೆ ಪಾತ್ರೆ ತಿಕ್ಕುತ್ತಾ ಮಾವನ ಮಾತನ್ನೇ ಮೆಲುಕು ಹಾಕುತ್ತಿದ್ದೆ. ಹಿತ್ತಲಲ್ಲಿ ಉಮ್ಮತ್ತಿ ಗಿಡ ಇಲ್ಲ. ಸರಿ, ಗಿಡ ಇಲ್ಲ. ಪೈರು? ಅಮ್ಮನ ದನಿ ಕಿವಿಯಲ್ಲಿ ಕೂಗಿದ ಹಾಗಾಯಿತು. ಬೂದಿ ಕೈಯಲ್ಲೇ ಎದ್ದು ಮಡಿಗೆ ಹೋದೆ. ಕುಕ್ಕರಗಾಲಲ್ಲಿ ಕೂತು, ಒಂದು ತುದಿಯಿಂದ ಹಿಡಿದು, ಪ್ರತಿಯೊಂದರ ಬುಡ ನೋಡುತ್ತಾ ಬಂದೆ. ಗಣಿಕೆಯ ಮೊದಲೆರಡು ಎಲೆ ಪುಟ್ಟವು, ಬುಡ ಅಗಲ, ತುದಿಯಲ್ಲಿ ಒಂದಿಷ್ಟು ಚೂಪು. ಇದು ಗಣಿಕೆ. ಇದೂ ಗಣಿಕೆ. ಇದು ಅಣ್ಣೆ. ಇದು ಕೀರೆ. ಮತ್ತೆ ಗಣಿಕೆ.

ಅತ್ತೆ ಕಿತ್ತು ಬರಿದಾಗಿದ್ದ ಜಾಗ ಬೇಲಿ ಮೂಲೆಗೆ ಹತ್ತಿರವಿತ್ತು. ಅದರ ಅಂಚಿನಲ್ಲಿ, ಕೈಗೆ ಸಿಗದೆ ಉಳಿದವು ಒತ್ತೊತ್ತಾಗಿ ನಿಂತಿದ್ದವು. ಮೇಲಿನ ಎಲೆ ನೋಡಿದರೆ ಗಣಿಕೆಯೇ. ಕೆಳಗಿನ ಎರಡು ಉದ್ದಕ್ಕೆ, ಕಿರಿದಾಗಿ ಚಾಚಿಕೊಂಡಿದ್ದವು. ಕಾಂಡ ನೇರಳೆ. ಒಂದೆಲೆ ಹಿಸುಕಿ ಮೂಗಿಗೆ ಹಿಡಿದೆ. ಅದೇ ನಾತ.

"ಏನ್ ಹುಡುಕ್ತಿದೀರ ಅತ್ತಿಗೆ? ಏನಾದ್ರೂ ಬಚ್ಚಿಟ್ಟಿದ್ರಾ?" ಹಿಂದೆ ನಾದಿನಿ ನಿಂತಿದ್ದಳು. ನನ್ನ ಕಾವಲಿಗೇ ಬಂದವಳು.

"ನೋಡಿಲ್ಲಿ. ಉಮ್ಮತ್ತಿ" ಎಂದೆ.

"ಬದನೆ ಪೈರು ಅದು. ನಂಗೇ ಹೇಳಕ್ಕೆ ಬರ್ತೀರಲ್ಲ!"

ನನಗೆ ರೇಗಿತು. ಎಲ್ಲವನ್ನೂ ಬುಡಸಮೇತ ಒಟ್ಟಿಗೆ ಹಿಡಿದು ಎಳೆದೆ. ಒದ್ದೆ ಮಣ್ಣು ಸಡಿಲಾಗಿ ಬೇರಿನ ಜೊತೆ ಒಂದು ಮುದ್ದೆ ಮೇಲೆ ಬಂತು. ಮುಳ್ಳು ಮುಳ್ಳಾದ ಒಣಕಾಯಿ, ನಾಲ್ಕಾಗಿ ಬಿರಿದಿತ್ತು, ಅದರ ಹೊಟ್ಟೆಯಿಂದಲೇ ಈ ಪೈರುಗಳೆಲ್ಲ ಎದ್ದಿದ್ದವು. ಕಾಯಿಗೆ ಅಂಟಿಕೊಂಡು ಕೊಳೆತ ಬಿಲ್ವಪತ್ರೆ, ಮಣ್ಣಿನಲ್ಲಿ ಒಂದು ಚೂರು ವಿಭೂತಿ. ಶಿವರಾತ್ರಿಯಲ್ಲಿ ಶಿವನ ತಲೆಯ ಮೇಲೆ ಏರಿಸಿದ್ದ ಉಮ್ಮತ್ತಿಕಾಯಿ. ಯಾರೂ ತುಳಿಯಬಾರದೆಂದು ಮಾವ ತಮ್ಮ ಕೈಯಾರೆ ತಂದು ಹಾಕಿದ್ದ ನಿರ್ಮಾಲ್ಯ.

ನಾದಿನಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ "ಅವ್ವಾ!" ಎಂದು ಕೂಗಿದಳು.

ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಕಾಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಕೆರೆ ದಾರಿಯಿಂದ ನಾನೇ ಕಿತ್ಕೊಂಡ್ ಬಂದ್ ಕೊಟ್ಟಿದ್ದೆ, ಶಿವರಾತ್ರಿ ಪೂಜೆಗೆ" ಎಂದರು. ಅಷ್ಟೇ. ಪೈರು ಸಮೇತ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, "ಇಬ್ರೂ ಬಾಯಿ ಬುಡಬ್ಯಾಡಿ" ಎಂದು ಒಳಗೆ ಹೋದರು.

ನನ್ನ ಕೈಯಲ್ಲಿದ್ದ ಒಂದೇ ಸಾಕ್ಷಿ ಅವರ ಸೆರಗು ಸೇರಿತ್ತು. ಗಂಡನ ಮರ್ಯಾದೆ ದೊಡ್ಡದೋ, ಬಂದು ನಾಲ್ಕು ತಿಂಗಳಾದ ಸೊಸೆ ದೊಡ್ಡವಳೋ? ಒಲೆಗೆ ಹಾಕಿಬಿಡುತ್ತಾರೆ, ಖಂಡಿತ ಹಾಕಿಬಿಡುತ್ತಾರೆ ಎಂದುಕೊಂಡೆ. ಮಡಿಯಲ್ಲಿ ಇನ್ನೊಂದು ಪೈರಾದರೂ ಉಳಿದಿದೆಯೋ ಎಂದು ಹುಡುಕಿದೆ, ಸಿಟ್ಟಿನಲ್ಲಿ ನಾನೇ ಎಲ್ಲ ಕಿತ್ತಿದ್ದೆ. ನಾದಿನಿಯನ್ನು ಕೇಳಿದರೆ ಅವಳು ಕಣ್ಣು ತಪ್ಪಿಸಿದಳು. ಶನಿವಾರ ಪೂರ್ತಿ ಒಲೆಯಲ್ಲಿ ಏನು ಉರಿಯುತ್ತಿದೆ ಎಂದು ನೋಡುವುದೇ ನನ್ನ ಕೆಲಸವಾಯಿತು. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಟ್ರಂಕಿಗೆ ಸೀರೆ ಮಡಿಸಿ ಇಟ್ಟೆ.

ಸಂಜೆ ಯಜಮಾನರು ಬಂದರು. ಕಾಲು ತೊಳೆಯುವ ಮೊದಲೇ ಮಾವ ಜಗಲಿಯಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದರು. ಕೆರೆ ದಾರಿ, ಒಪ್ಪತ್ತು, ಮೊಸರನ್ನ, ಒಂದನ್ನೂ ಬಿಡಲಿಲ್ಲ. ನಾನು ಒಳಬಾಗಿಲಲ್ಲಿ ನಿಂತಿದ್ದೆ. ನನ್ನ ಗಂಡ ತಲೆ ಎತ್ತಿ ನನ್ನನ್ನೇ ನೋಡಿದರು. ಇವರು ನಗುತ್ತಾರೆ, ಏನಪ್ಪಾ ಹುಚ್ಚುಮಾತು ಎನ್ನುತ್ತಾರೆ ಎಂದು ನಾನು ಆ ವಾರದುದ್ದಕ್ಕೂ ನಂಬಿಕೊಂಡು ಬಂದಿದ್ದೆ. ನಾನು ಯಾರನ್ನಾದರೂ ನಂಬಿದ್ದೆ ಎಂದರೆ ಅವರೊಬ್ಬರನ್ನೇ.

"ನೀನ್ಯಾಕೆ ತಿನ್ಲಿಲ್ಲ?" ಎಂದು ಕೇಳಿದರು.

ನಾನು ಟ್ರಂಕು ತರಲು ತಿರುಗಿದೆ. ಅಷ್ಟರಲ್ಲಿ ಅತ್ತೆ ನನ್ನ ಪಕ್ಕದಿಂದ ಹಾದು ಜಗಲಿಗೆ ಹೋದರು. ಸೆರಗಿನ ಗಂಟು ಬಿಚ್ಚಿ, ಬಾಡಿದ ಪೈರು ನೇತಾಡುತ್ತಿದ್ದ ಮುಳ್ಳುಕಾಯಿಯನ್ನು ಮಾವನ ಮುಂದೆ ಇಟ್ಟರು. ಕೊಳೆತ ಪತ್ರೆ ಇನ್ನೂ ಅಂಟಿಕೊಂಡೇ ಇತ್ತು.

"ನಿಮ್ಮ ನಿರ್ಮಾಲ್ಯ. ನನ್ನ ಮಡೀಲಿ ಮೊಳೆತೈತೆ. ಕಿತ್ತೋಳು ನಾನೇ, ಬೇಯ್ಸಿ ತಿಂದೋಳೂ ನಾನೇ" ಎಂದರು. ಆಮೇಲೆ ಮಗನ ಕಡೆ ತಿರುಗಿದರು. "ಅವ್ಳು ಯಾಕ್ ತಿನ್ಲಿಲ್ಲ ಅಂತ ಕೇಳ್ತೀಯಲ್ಲೋ, ನಿಮ್ಮಪ್ಪನೂ ತಿನ್ಲಿಲ್ಲ ಕಣ್ಲಾ. ಅವರ್ನ ಯಾವ ತವರಿಗೆ ಬುಟ್ಟು ಬರ್ತೀಯ?"

ಪಕ್ಕದ ಮನೆ ಅಜ್ಜಿ ತನ್ನ ಬಾಗಿಲನ್ನು ಮೆತ್ತಗೆ ಮುಂದಕ್ಕೆ ಹಾಕಿಕೊಂಡಿತು. ನಾನು ಅಡಿಗೆಮನೆಗೆ ಹೋಗಿ ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅತ್ತೆ ಬಂದು, "ಸಾಕು ಸುಮ್ನಿರು. ಮುಂಚೇನೇ ತೋರ್ಸಿದ್ರೆ ನಿನ್ ಗಂಡನ್ ಮನಸ್ಸಲ್ಲಿ ಏನೈತೆ ಅಂತ ನಿಂಗೆ ಹ್ಯಾಗ್ ಗೊತ್ತಾಗ್ತಿತ್ತು?" ಎಂದರು. ಅವರು ನಮ್ಮಮ್ಮನಿಗಿಂತ ಒಂದು ಕೈ ಮೇಲೆ ಎಂದು ನನಗೆ ಅವತ್ತು ಅರ್ಥವಾಯಿತು.

ಮಾವ ನನ್ನ ಹತ್ತಿರ ತಪ್ಪಾಯಿತು ಎನ್ನಲಿಲ್ಲ. ಮಾರನೆಯ ಬೆಳಿಗ್ಗೆ ಪೂಜೆಗೂ ಮೊದಲು ಹಿತ್ತಲಿನಿಂದ ನನ್ನನ್ನು ಕರೆದರು. ಹೋಗಿ ನೋಡಿದರೆ ಮಡಿಯಲ್ಲಿ ಕೂತಿದ್ದಾರೆ, ಒಂದೊಂದೇ ಪೈರು ಹಿಡಿದು, "ಇದಾ? ಇದೇನವ್ವಾ?" ಎಂದು ಕೇಳುತ್ತಾರೆ. ಅಲ್ಲ ಮಾವ, ಅದು ಗಣಿಕೆ ಎಂದೆ. ನನ್ನ ಮುಖ ನೋಡಿದರು, ಪೈರು ನೋಡಿದರು, ಅದನ್ನೂ ಕಿತ್ತು ಹಾಕಿದರು. ಆ ವರ್ಷ ನಮಗೆ ಗಣಿಕೆ ಸೊಪ್ಪಿನ ಸಾರಿಲ್ಲ. ಮುಂದಿನ ಶಿವರಾತ್ರಿಯಿಂದ ನಿರ್ಮಾಲ್ಯ ಬಾವಿಯಾಚೆಯ ಗುಂಡಿಗೆ ಹೋಯಿತು, ಮಡಿಯ ಸೊಪ್ಪನ್ನು ಕೀಳುವ ಕೆಲಸ ನನ್ನದಾಯಿತು.

ಕುಣಿಗಲ್ಲಿನಲ್ಲಿ ಮನೆ ಸಿಕ್ಕಿದ್ದು ಎಂಬತ್ತರ ದಶಕ ಹುಟ್ಟಿದ ಮೇಲೆ. ಅಲ್ಲಿಯೂ ಹಿತ್ತಲಿತ್ತು, ಮಳೆಗೆ ಗಣಿಕೆ ಏಳುತ್ತಿತ್ತು, ನಾನು ಬುಡ ನೋಡಿ ನೋಡಿ ಕೀಳುತ್ತಿದ್ದೆ. ನನ್ನ ಗಂಡ ಒಳ್ಳೆಯವರು, ಆ ಸಂಜೆಯ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಸೊಪ್ಪಿನ ಸಾರು ಬಡಿಸಿದ ದಿನ ಅವರು ಮೊದಲ ತುತ್ತು ಮುರಿದು ಕೈಯಲ್ಲೇ ಇಟ್ಟುಕೊಂಡು, ಏನೋ ನೆನಪಾದವರ ಹಾಗೆ ನನ್ನ ತಟ್ಟೆಯ ಕಡೆ ಒಮ್ಮೆ ನೋಡುತ್ತಾರೆ. ಇವತ್ತಿಗೂ ನೋಡುತ್ತಾರೆ. ನಾನು ನನ್ನ ತುತ್ತು ಮುರಿಯದೆಯೇ, ಉಪ್ಪು ತರುವ ನೆಪದಲ್ಲಿ ಎದ್ದು ಹೋಗಿ, ಬೇಕೆಂದೇ ತಡ ಮಾಡಿ ಬರುತ್ತೇನೆ.